ಅನುಮೋದನೆಯ ಪಾಪ

ನಮ್ಮ ಮನೆಯ ಚಾವಡಿಯ ಗೋಡೆಯಲ್ಲಿ ನಾಲ್ಕು ವರ್ಷ ಒಂದು ಮೀನಿನ ಚಿತ್ರ ಇತ್ತು. ಮುರುಡೇಶ್ವರದ ಆಚೆ, ನೇತ್ರಾಣಿ ದ್ವೀಪದ ಬುಡದಲ್ಲಿ, ಒಂಬತ್ತು ಮೀಟರ್ ಆಳದಲ್ಲಿ ನಾನೇ ತೆಗೆದದ್ದು. ಚೆಂಡಿನ ಹಾಗೆ ಊದಿಕೊಂಡ ಮುಳ್ಳುಮೀನು. ಮೈಮೇಲಿನ ಒಂದೊಂದು ಮುಳ್ಳೂ ನೆಟ್ಟಗೆ ನಿಂತಿದೆ. ದೊಡ್ಡ ದುಂಡು ಕಣ್ಣು, ಅರ್ಧ ತೆರೆದ ಸಣ್ಣ ಬಾಯಿ. ಮನೆಗೆ ಬಂದವರೆಲ್ಲ ಅದರ ಮುಂದೆ ನಿಂತು ನಗುತ್ತಿದ್ದರು. ಮಕ್ಕಳು ತಾವೂ ಕೆನ್ನೆ ಉಬ್ಬಿಸಿ ಅದರ ಹಾಗೆ ಮಾಡುತ್ತಿದ್ದರು. ಹದಿಮೂರು ವರ್ಷಗಳಿಂದ ನೀರಿಗಿಳಿದು ನಾನು ತೆಗೆದ ಚಿತ್ರಗಳಲ್ಲಿ ಅತಿ ಹೆಚ್ಚು ಮಂದಿ ಮೆಚ್ಚಿದ್ದು ಅದನ್ನೇ.

ಅಮ್ಮಮ್ಮ ಆ ಚಿತ್ರವನ್ನು ನೋಡಿದ್ದು ಒಂದೇ ಸಲ. ಗಂಗೊಳ್ಳಿಯ ಮನೆ ಬಿಟ್ಟು ಎಲ್ಲಿಯೂ ಉಳಿಯದವಳು ಕಣ್ಣಿನ ಆಪರೇಷನ್ ಆದ ಮೇಲೆ ಹದಿನೈದು ದಿನ ಕುಂದಾಪುರದಲ್ಲಿ ನಮ್ಮ ಜೊತೆಗಿದ್ದಳು. ಪಟ್ಟಿ ಬಿಚ್ಚಿದ ಮರುದಿನ ಬೆಳಿಗ್ಗೆ ಗೋಡೆಯ ಹತ್ತಿರ ಹೋಗಿ ನಿಂತಳು. ನಲವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದವಳು. ಬಲೆಯಲ್ಲಿ ಸಿಕ್ಕಿ ದಡಕ್ಕೆ ಬಿದ್ದು ಊದಿಕೊಂಡ ಮುಳ್ಳುಮೀನನ್ನು ಎಷ್ಟು ಸಲ ನೋಡಿದ್ದಳೋ. ಬಹಳ ಹೊತ್ತು ನೋಡಿ, "ಇದ್ ಹೆದ್ರ್‌ಕಂಡಿತ್ ಅಲ್ದಾ ಮಗಾ?" ಎಂದಳು. ನಾನು ಹೌದೆಂದೆ. ಆಮೇಲೆ ಅವಳು ಕೇಳಿದ್ದು ಒಂದೇ ಮಾತು: "ನಾವ್ ತಿಂಬುಕೆ ಹಿಡುದ್. ನೀ ಎಂತಕೆ ಹಿಡುದ್?"

ಅವಳ ದನಿಯಲ್ಲಿ ಆಕ್ಷೇಪ ಇರಲಿಲ್ಲ. ತಿಳಿಯದ್ದನ್ನು ತಿಳಿದುಕೊಳ್ಳಲು ಕೇಳಿದ್ದಳು. ನನ್ನ ಬಳಿ ಉತ್ತರ ಇರಲಿಲ್ಲ. ಅಮ್ಮಮ್ಮ ಈಗಿಲ್ಲ. ಉತ್ತರ ಹುಡುಕುತ್ತ ನಾನು ಎಲ್ಲಿಗೆ ಬಂದು ಮುಟ್ಟಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ದಿನ ನಡೆದದ್ದನ್ನು ಮೊದಲು ಹೇಳಬೇಕು. ಜನವರಿ ತಿಂಗಳು, ನೀರು ತಿಳಿಯಾಗಿತ್ತು. ಮುರುಡೇಶ್ವರದಿಂದ ನೇತ್ರಾಣಿಗೆ ಸುಮಾರು ಹತ್ತು ನಾಟಿಕಲ್ ಮೈಲು. ದೋಣಿ ಮುಂದೆ ಹೋದ ಹಾಗೆ 123 ಅಡಿಯ ಶಿವ ಹಿಂದೆ ಹೆಬ್ಬೆರಳಿನಷ್ಟಾಗುತ್ತಾನೆ, ಮುಂದೆ ಕಡಿದಾದ ಕಲ್ಲುಗೋಡೆಯ ದ್ವೀಪ ಎದ್ದು ಬರುತ್ತದೆ. ಅಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಕರಾವಳಿಯ ಮೀನುಗಾರರಿಗೆ ಅದು ಹರಕೆ ಒಪ್ಪಿಸುವ ಜಾಗವೂ ಹೌದು. ನಾವು ದ್ವೀಪ ಹತ್ತಲಿಲ್ಲ; ಅದರ ಬುಡದಲ್ಲಿ ಲಂಗರು ಹಾಕಿ ನೀರಿಗೆ ಬಿದ್ದೆವು. ಕಲ್ಲಿನ ಸಂದಿಯಲ್ಲಿ ಮುಳ್ಳುಮೀನು ಮುಳ್ಳುಗಳನ್ನು ಮೈಗೆ ಒತ್ತಿಕೊಂಡು ಸುಮ್ಮನೆ ತೇಲುತ್ತಿತ್ತು. ಊದದಿದ್ದರೆ ಅದು ಅಂಥ ಚಂದದ ಮೀನೇನಲ್ಲ, ಚಿತ್ರಕ್ಕೆ ಸಪ್ಪೆ. ನಮ್ಮನ್ನು ಕರೆದುಕೊಂಡು ಹೋಗಿದ್ದ ಹುಡುಗ ಕೈಯಲ್ಲಿದ್ದ ಕಬ್ಬಿಣದ ಕಡ್ಡಿಯಿಂದ ಅದನ್ನು ಸಂದಿಯಿಂದ ಹೊರಗೆ ತಳ್ಳಿದ. ಮತ್ತೆ ಬಾಲದ ಬಳಿ ತಿವಿದ. ಮೂರನೆಯ ಸಲ ತಿವಿದಾಗ ಅದು ನೀರು ಗುಟುಕರಿಸಿ ಗುಟುಕರಿಸಿ ಚೆಂಡಾಯಿತು. ಹುಡುಗ ನನ್ನ ಕಡೆ ತಿರುಗಿ ತೆಗೆಯಿರಿ ಎಂದು ಕೈಸನ್ನೆ ಮಾಡಿದ. ನಾನು ತೆಗೆದೆ. ಹದಿನೇಳು ಚಿತ್ರ ತೆಗೆದೆ. ಅವನಿಗೆ ಬೇಡ ಎನ್ನುವ ಸನ್ನೆ ನನಗೆ ಗೊತ್ತಿತ್ತು, ಮಾಡಲಿಲ್ಲ.

ಮೇಲೆ ಬಂದು ದೋಣಿಯಲ್ಲಿ ಚಿತ್ರ ನೋಡಿದಾಗ ಖುಷಿಯಾಯಿತೇ ಹೊರತು ಬೇರೇನೂ ಅನಿಸಲಿಲ್ಲ. ಮೀನು ಸತ್ತಿರಲಿಲ್ಲ. ನಾವು ದೂರ ಸರಿದ ಮೇಲೆ ನೀರು ಕಕ್ಕಿ ಮೊದಲಿನಂತಾಗಿ ಸಂದಿಗೆ ಮರಳಿರಬೇಕು. ಯಾರಿಗೂ ಏನೂ ಆಗಲಿಲ್ಲ ಎಂದೇ ನಾನು ನಂಬಿದ್ದೆ.

ಅಮ್ಮಮ್ಮನ ಪ್ರಶ್ನೆಯ ನಂತರ ಓದಲು ತೊಡಗಿದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು ನಾನು, ಜೀವಶಾಸ್ತ್ರದವನಲ್ಲ. ಆದರೂ ಓದಿದ್ದು ಅರ್ಥವಾಗದ್ದೇನಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಿಕ್ಕಿತು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಇದೇ ಬಳಗದ, ಊದಿಕೊಳ್ಳುವ ಒಂದು ಸಣ್ಣ ಮೀನಿನ ಉಸಿರಾಟವನ್ನು ಅಳೆದಿದ್ದರು. ಊದಿದಾಗ ಮೀನು ಉಸಿರು ಕಟ್ಟಿರುತ್ತದೆ ಎಂಬುದು ಹಳೆಯ ನಂಬಿಕೆ. ಅದು ಹಾಗಲ್ಲ ಎಂದು ಕಂಡಿತು. ಉಸಿರಾಟ ನಿಲ್ಲುವುದಿಲ್ಲ, ಆಮ್ಲಜನಕದ ಬಳಕೆ ವಿಶ್ರಾಂತಿಯಲ್ಲಿದ್ದಾಗಿನ ಐದು ಪಟ್ಟು ಆಗುತ್ತದೆ. ಮೈ ಇಳಿದ ಮೇಲೂ ಅದು ಮೊದಲಿನ ಸ್ಥಿತಿಗೆ ಬರಲು ಸರಾಸರಿ ಐದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ನನಗೆ ಬೇಕಾದದ್ದು ಅರ್ಧ ನಿಮಿಷ. ಅದಕ್ಕಾಗಿ ಮೀನು ತೆತ್ತದ್ದು ಸಣ್ಣ ಬೆಲೆಯಲ್ಲ. ಆ ದಣಿವಿನಲ್ಲಿ ಅದಕ್ಕೆ ಹಸಿವಾಗಿದ್ದರೆ, ದೊಡ್ಡ ಮೀನೊಂದು ಬಂದು ಎರಡನೆಯ ಸಲ ಊದಬೇಕಾಗಿ ಬಂದಿದ್ದರೆ ಏನಾಯಿತೋ. ಆ ಲೆಕ್ಕ ಚಿತ್ರದಲ್ಲಿಲ್ಲ.

ಆ ಮೀನಿನ ಮೈಯ ಹಳದಿಗಂದು ಬಣ್ಣವನ್ನೂ ಎಲ್ಲರೂ ಹೊಗಳಿದ್ದರು. ನೀರು ಬೆಳಕಿನ ಕೆಂಪನ್ನು ಮೊದಲು ನುಂಗುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಒಂಬತ್ತು ಮೀಟರಿನಲ್ಲಿ ಕೆಂಪು ಬಹುಪಾಲು ಸತ್ತಿರುತ್ತದೆ. ಅಲ್ಲಿ ಬೆರಳು ಕೊಯ್ದುಕೊಂಡರೆ ನೆತ್ತರು ಹಸಿರುಗಪ್ಪಾಗಿ ಕಾಣುತ್ತದೆ. ಚಿತ್ರದ ಬಣ್ಣ ನಾನು ಹೊತ್ತೊಯ್ದ ದೀಪದ್ದು. ಬೆಳಕೂ ನನ್ನದು, ಭಂಗಿಯೂ ನಾನು ಬರಿಸಿದ್ದು. ಮೀನಿನದು ಎಂದು ಆ ಚಿತ್ರದಲ್ಲಿ ಉಳಿದದ್ದು ಹೆದರಿಕೆಯೊಂದೇ. ಅದನ್ನು ಗುರುತಿಸಿದ್ದು ಅಮ್ಮಮ್ಮ ಒಬ್ಬಳು.

ಪಾಪ ಎಂದರೆ ಏನು ಎಂಬ ಪ್ರಶ್ನೆ ಅಲ್ಲಿಂದ ಶುರುವಾಯಿತು. ಕಡ್ಡಿ ಹಿಡಿದದ್ದು ನಾನಲ್ಲ. ತಿವಿ ಎಂದು ಹೇಳಿದ್ದೂ ನಾನಲ್ಲ. ಹಾಗಾದರೆ ನನ್ನ ಪಾಲೆಷ್ಟು?

ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಮೇಜಿನವರು ಕಾರ್ಕಳದ ಕಡೆಯ ಜೈನರು, ಸಂಸ್ಕೃತ ಕಲಿಸುತ್ತಿದ್ದರು. ಅವರ ಮುಂದೆ ಇದನ್ನೆಲ್ಲ ಹೇಳಿದೆ. ಅವರು ಉಪದೇಶ ಮಾಡಲಿಲ್ಲ. ಬಿಳಿ ಹಾಳೆಯ ಮೇಲೆ ಮೂರು ಶಬ್ದ ಬರೆದು ನನ್ನ ಕಡೆ ಸರಿಸಿದರು: ಕೃತ, ಕಾರಿತ, ಅನುಮೋದಿತ. ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಬೇರೆಯವರು ಮಾಡಿದ್ದನ್ನು ಒಪ್ಪಿದ್ದು. ಜೈನರಲ್ಲಿ ಹಿಂಸೆಯನ್ನು ಎಣಿಸುವಾಗ ಈ ಮೂರನ್ನೂ ಎಣಿಸುತ್ತಾರೆ; ಮನಸ್ಸು, ಮಾತು, ದೇಹ ಎಂಬ ಮೂರರ ಜೊತೆ ಕೂಡಿಸಿ ಎಣಿಸುತ್ತಾರೆ. ಪತಂಜಲಿಯ ಯೋಗಸೂತ್ರದ ಎರಡನೆಯ ಪಾದದಲ್ಲೂ ಇದೇ ಮೂರು ಬರುತ್ತದೆ ಎಂದರು. ಅಲ್ಲಿ ಇನ್ನೂ ಎರಡು ವಿಂಗಡಣೆ ಇದೆ: ಆ ಹಿಂಸೆ ಹುಟ್ಟಿದ್ದು ಲೋಭದಿಂದಲೋ ಕ್ರೋಧದಿಂದಲೋ ಮೋಹದಿಂದಲೋ, ಅದರ ಪ್ರಮಾಣ ಮೃದುವೋ ಮಧ್ಯಮವೋ ತೀವ್ರವೋ ಎಂದು.

ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ. ನನ್ನ ಕೆಲಸಕ್ಕೆ ಅದರಲ್ಲಿ ಜಾಗ ಇತ್ತು. ಅನುಮೋದಿತ, ಲೋಭಮೂಲ, ಮೃದು. ಇಷ್ಟು ನಿಖರವಾಗಿ ನನ್ನನ್ನು ಯಾರೂ ವಿವರಿಸಿರಲಿಲ್ಲ. ಕ್ಯಾಮೆರಾ ಒತ್ತಿದ ಶಬ್ದವೇ ಒಪ್ಪಿಗೆಯ ಶಬ್ದ. ಆ ಹುಡುಗ ಕಡ್ಡಿ ಹಿಡಿದದ್ದೇ ನನ್ನಂಥವರು ಒತ್ತುತ್ತಾರೆ ಎಂದು. ಹೊಟ್ಟೆಪಾಡಿಗೆ ನೀರಿಗಿಳಿಯುವ ಅವನಿಗೆ ಆ ಮೀನಿನ ಮೇಲೆ ದ್ವೇಷವೇನಿರಲಿಲ್ಲ. ಚೆಂಡಾದ ಮೀನಿನ ಚಿತ್ರ ಸಿಕ್ಕರೆ ಗಿರಾಕಿ ಸಂತೋಷಪಡುತ್ತಾನೆ ಎಂದು ಅವನಿಗೆ ಕಲಿಸಿದವರು ನಾವು. ಅಂದ ಮೇಲೆ ಅನುಮೋದನೆ ಕೃತ್ಯದ ನಂತರ ಬರುವ ಸಣ್ಣ ಬಾಲವಲ್ಲ. ಅದೇ ಕೃತ್ಯದ ಬೇರು.

ಇಲ್ಲಿ ನನಗೆ ನಾನೇ ಒಂದು ಕಷ್ಟದ ಪ್ರಶ್ನೆ ಕೇಳಿಕೊಳ್ಳಬೇಕಿತ್ತು. ಮೊಗವೀರರ ಮನೆಯ ಮಗ ನಾನು. ಜೈನಧರ್ಮದ ತಕ್ಕಡಿಯಲ್ಲಿ ನಮ್ಮ ಕುಲಕಸುಬೇ ನಿಲ್ಲುವುದಿಲ್ಲ. ನೀರಿನ ಹನಿಯನ್ನೂ ಜೀವವೆಂದು ಕಾಣುವ ಧರ್ಮದ ಮುಂದೆ ಕೈರಂಪಣಿ ಬಲೆ ಎಳೆದವರ ಮೊಮ್ಮಗ ಒಂದು ಮುಳ್ಳುಮೀನಿನ ನೋವಿನ ಲೆಕ್ಕ ಹಾಕುವುದು ಸರಿಯೇ? ನಮ್ಮ ಮನೆಯಲ್ಲಿ ಇವತ್ತೂ ಬಂಗುಡೆ ಸಾರು ಆಗುತ್ತದೆ. ಅದನ್ನು ತಿಂದು ಈ ಮಾತು ಆಡುವ ಅಧಿಕಾರ ನನಗಿದೆಯೇ?

ಇದೆ ಎಂದೇ ನನ್ನ ತೀರ್ಮಾನ. ಕಾರಣ ಅಮ್ಮಮ್ಮನ ಪ್ರಶ್ನೆಯೊಳಗೇ ಇದೆ. ತಿಂಬುಕೆ ಹಿಡಿಯುವ ಕೈಗೆ ಒಂದು ಸಾಕು ಇದೆ. ಹೊಟ್ಟೆ ತುಂಬಿದರೆ ಸಾಕು, ಬುಟ್ಟಿ ತುಂಬಿದರೆ ಸಾಕು. ಅವಳ ಕಾಲದಲ್ಲಿ ಮಳೆಗಾಲದ ಕಡಲೇ ಸಾಕು ಹೇಳುತ್ತಿತ್ತು. ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಇಳಿಸಬಾರದು ಎಂದು ಸರಕಾರ ಹೇಳುತ್ತದೆ. ಕಸುಬು ಮತ್ತೆ ಶುರುವಾಗುವ ಮುಂಚೆ ಕಡಲಿಗೆ ಹಾಲು, ಹೂವು, ತೆಂಗಿನಕಾಯಿ ಒಪ್ಪಿಸುತ್ತೇವೆ. ತೆಗೆದುಕೊಳ್ಳುತ್ತಿದ್ದೇವೆ ಎಂಬ ಅರಿವು, ಸಾಲ ಇದೆ ಎಂಬ ಅರಿವು ಅಲ್ಲಿದೆ. ಅಮ್ಮಮ್ಮ ನೀರಿಗೆ ಕಾಲಿಡುವ ಮುಂಚೆ ಒಂದು ಬೊಗಸೆ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಹದಿಮೂರು ವರ್ಷದಲ್ಲಿ ನಾನು ಒಮ್ಮೆಯೂ ಹಾಗೆ ಮಾಡಲಿಲ್ಲ. ನಾನು ಏನನ್ನೂ ತೆಗೆದುಕೊಳ್ಳುತ್ತಿಲ್ಲ ಎಂದುಕೊಂಡಿದ್ದೆನಲ್ಲ, ಅದಕ್ಕೆ.

ಕಣ್ಣಿಗೆ ಸಾಕು ಎಂಬುದಿಲ್ಲ. ಊದಿದ ಮೀನು ಸಿಕ್ಕಿದ ಮೇಲೆ ಬಾಯಿ ತೆರೆದ ಹಾವುಮೀನು ಬೇಕು, ಮಸಿ ಕಾರುವ ಅಷ್ಟಪದಿ ಬೇಕು, ಮೊಟ್ಟೆ ಕಾಯುವ ಕ್ಲೌನ್‌ಫಿಶ್ ಬೇಕು. ಮೆಮೊರಿ ಕಾರ್ಡ್ ತುಂಬುವುದೇ ಇಲ್ಲ. ಹಸಿವಿನ ಹಿಂಸೆಗೆ ಒಂದು ದಡ ಇದೆ, ನೋಟದ ಹಿಂಸೆಗೆ ದಡವಿಲ್ಲ. ಕೂಡಿಡಬಾರದು ಎನ್ನುವ ಅಪರಿಗ್ರಹ ವ್ರತ ಅಕ್ಕಿಮುಡಿಗೆ, ಚಿನ್ನಕ್ಕೆ, ಜಾಗಕ್ಕೆ ಎಂದಷ್ಟೇ ನಾನು ತಿಳಿದಿದ್ದೆ. ಹಾರ್ಡ್ ಡಿಸ್ಕಿನಲ್ಲಿ ನಲವತ್ತು ಸಾವಿರ ಮೀನು ಕೂಡಿಟ್ಟವನಿಗೂ ಅದು ಅನ್ವಯಿಸುತ್ತದೆ.

ಹಾಗಾದರೆ ಕ್ಯಾಮೆರಾ ಬಿಡಬೇಕೇ? ಆರು ತಿಂಗಳು ಬಿಟ್ಟಿದ್ದೆ. ಅದು ಸರಿಯಾದ ಉತ್ತರ ಅಂತ ಅನಿಸಲಿಲ್ಲ. ನೀರಿನೊಳಗಿನ ಬಣ್ಣದ ಚಿತ್ರದ ಚರಿತ್ರೆ ಶುರುವಾದದ್ದೇ ಸ್ಫೋಟದಿಂದ: 1926ರಲ್ಲಿ ಮೀನುಶಾಸ್ತ್ರಜ್ಞ ವಿಲಿಯಂ ಲಾಂಗ್ಲಿ ಮತ್ತು ಛಾಯಾಗ್ರಾಹಕ ಚಾರ್ಲ್ಸ್ ಮಾರ್ಟಿನ್ ಫ್ಲಾರಿಡಾದ ಕಡಲಲ್ಲಿ ತೆಪ್ಪದ ಮೇಲೆ ಮೆಗ್ನೀಷಿಯಂ ಪುಡಿ ಸಿಡಿಸಿ, ಆ ಬೆಳಕಿನಲ್ಲಿ ಒಂದು ಮೀನಿನ ಚಿತ್ರ ತೆಗೆದರು. ಮುಂದಿನ ವರ್ಷ ಅದು ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಅಚ್ಚಾಯಿತು. ಒಂದು ಮೀನಿಗೆ ಅಷ್ಟು ಸಿಡಿಮದ್ದು! ಆದರೆ ನೀರಿನ ಕೆಳಗೆ ಅಂಥ ಬದುಕಿದೆ ಎಂದು ದಡದ ಮೇಲಿನ ಲೋಕಕ್ಕೆ ಬಣ್ಣದಲ್ಲಿ ತೋರಿಸಿದ್ದೂ ಅದೇ ಚಿತ್ರ. ಪುನೀತ್ ರಾಜಕುಮಾರ್ ತೀರಿಕೊಂಡ ಮರುವರ್ಷ, 2022ರಲ್ಲಿ, 'ಗಂಧದ ಗುಡಿ' ಬಂದಾಗ ನನ್ನ ವಿದ್ಯಾರ್ಥಿಗಳು ಎಷ್ಟೋ ಮಂದಿ ನೇತ್ರಾಣಿಯ ನೀರಿನ ಒಳಗನ್ನು ಮೊದಲ ಸಲ ಕಂಡರು. ಇಲ್ಲೇ ಕಡಲ ಪಕ್ಕ ಹುಟ್ಟಿ ಬೆಳೆದವರು! ಮೀನೆಂದರೆ ಸಂತೆಯ ಹಲಗೆಯ ಮೇಲಿನದ್ದು ಎಂದಷ್ಟೇ ತಿಳಿದಿದ್ದ ಮಕ್ಕಳ ಕಣ್ಣಿಗೆ ಅದು ಈಜುತ್ತಿರುವುದು ಕಂಡಿತು. ಕಾಣದ್ದರ ಬಗ್ಗೆ ಕರುಣೆ ಹುಟ್ಟುವುದು ಕಷ್ಟ. ಚಿತ್ರ ಬೇಕು. ಹೇಗೆ ಎಂಬುದೇ ಪ್ರಶ್ನೆ.

ಅದಕ್ಕೆ ದಾರಿ ತೋರಿಸಿದ್ದು ಬೆರಳುದ್ದದ ಇನ್ನೊಂದು ಮೀನು.

ಹವಳದ ಬಂಡೆಗಳ ನಡುವೆ ಅಲ್ಲಲ್ಲಿ ಕ್ಲೀನರ್ ಮೀನುಗಳ ಠಾಣೆ ಇರುತ್ತದೆ. ತಿಳಿನೀಲಿ ಮೈ, ಮೂತಿಯಿಂದ ಬಾಲದವರೆಗೆ ಒಂದು ಕಪ್ಪು ಪಟ್ಟೆ. ಬೇರೆ ಮೀನುಗಳ ಮೈಮೇಲಿನ ಪರಾವಲಂಬಿ ಹುಳಗಳನ್ನು ಹೆಕ್ಕಿ ತಿನ್ನುವುದು ಅದರ ಕಸುಬು. ಕ್ಯಾಮೆರಾ ಬಿಟ್ಟ ಆರು ತಿಂಗಳು ಮುಗಿದ ಮೇಲೆ ಮೊದಲ ಸಲ ಇಳಿದಾಗ, ಅಂಥ ಒಂದು ಠಾಣೆಯಿಂದ ಮೂರು ಮೀಟರ್ ದೂರದಲ್ಲಿ ಕೈಕಟ್ಟಿ ತೇಲುತ್ತ ನಿಂತೆ. ದೀಪ ಹಾಕಲಿಲ್ಲ. ಉಸಿರು ಸಣ್ಣದು ಮಾಡಿದೆ. ಮೊದಲ ಐದು ನಿಮಿಷ ಎಲ್ಲ ಖಾಲಿ. ಆಮೇಲೆ ನಮ್ಮ ಕಡೆ ಮುರು ಎನ್ನುವ, ದೊಡ್ಡ ಬಾಯಿಯ ಮೀನೊಂದು ಬಂದು ಕಲ್ಲಿನ ಪಕ್ಕ ನಿಂತಿತು. ನಿಂತು ಬಾಯಿ ತೆರೆಯಿತು, ಕಿವಿರಿನ ಮುಚ್ಚಳ ಅಗಲಿಸಿತು. ಕ್ಲೀನರ್ ಮೀನು ಆ ಬಾಯಿಯೊಳಗೆ ಹೋಯಿತು. ಹಲ್ಲಿನ ಸಾಲಿನ ಮೇಲೆ, ನಾಲಗೆಯ ಹತ್ತಿರ ಹೆಕ್ಕುತ್ತ ಹೋಗಿ ಕಿವಿರಿನ ಸಂದಿಯಿಂದ ಹೊರಬಂತು. ಮತ್ತೆ ಒಳಹೋಯಿತು. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದಕ್ಕೆ ನಾವು ಮತ್ಸ್ಯನ್ಯಾಯ ಎಂದು ಹೆಸರಿಟ್ಟಿದ್ದೇವೆ. ಮೀನುಗಳಲ್ಲಿ ಇನ್ನೊಂದು ನ್ಯಾಯವೂ ನಡೆಯುತ್ತದೆ ಎಂಬುದನ್ನು ಆ ಹೆಸರಿಟ್ಟವರು ಕೆಳಗಿಳಿದು ನೋಡಿರಲಿಲ್ಲ.

ಮುರು ಹೋದ ಮೇಲೆ ಆ ಪುಟ್ಟ ಮೀನು ನನ್ನ ಕಡೆ ತಿರುಗಿತು. ನಿಧಾನ ಹತ್ತಿರ ಬಂತು. ಮುಖವಾಡದ ಗಾಜಿನ ಮುಂದೆ ನಿಂತು ಮೈ ಓರೆ ಮಾಡಿ ಒಂದು ಕಣ್ಣಿನಿಂದ ನನ್ನನ್ನು ನೋಡಿತು. ಆಮೇಲೆ ನನ್ನ ಬಲಗೈಯ ಹೆಬ್ಬೆರಳಿನ ಉಗುರಿನ ಪಕ್ಕದ ಒಣಚರ್ಮವನ್ನು ಎರಡು ಸಲ ಹೆಕ್ಕಿ ನೋಡಿತು. ಆ ಕುಟುಕು ಎಷ್ಟು ಹಗುರ ಎಂದರೆ, ನೀರಿನಲ್ಲಿ ನೆಂದು ಮೆತ್ತಗಾದ ಚರ್ಮಕ್ಕೆ ಅದು ತಾಗಿದ್ದೇ ಸಂಶಯ. ಅಷ್ಟರವರೆಗೆ ನೋಡುವವನು ನಾನು, ನೋಡಿಸಿಕೊಳ್ಳುವುದು ಮೀನು ಎಂದಿತ್ತು. ಆ ಕ್ಷಣ ಅದು ನೋಡುವುದಾಯಿತು, ನಾನು ನೋಡಿಸಿಕೊಳ್ಳುವವನಾದೆ.

ಈ ಮೀನಿನ ಬಗ್ಗೆ ಜಪಾನಿನ ಒಸಾಕಾದಲ್ಲಿ ಮಸನೋರಿ ಕೊಹ್ದಾ ಮತ್ತು ಸಂಗಡಿಗರು ಮಾಡಿದ ಕೆಲಸ ಆಮೇಲೆ ಓದಿದೆ. 2019ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಮೀನಿನ ಗಂಟಲ ಕೆಳಗೆ ಕಂದು ಚುಕ್ಕೆಯೊಂದನ್ನು ಮೂಡಿಸಿ ಎದುರಿಗೆ ಕನ್ನಡಿ ಇಟ್ಟರು. ಕನ್ನಡಿಯಲ್ಲಿ ಚುಕ್ಕೆ ನೋಡಿದ ಮೀನು ಹುಳ ಅಂಟಿದೆ ಎಂಬಂತೆ ತನ್ನ ಗಂಟಲನ್ನು ತಳಕ್ಕೆ ಉಜ್ಜಿಕೊಂಡಿತು. 2023ರಲ್ಲಿ ಇನ್ನೂ ಮುಂದೆ ಹೋದರು: ಕನ್ನಡಿ ನೋಡಿ ಪಳಗಿದ ಮೀನಿಗೆ ಫೋಟೋ ತೋರಿಸಿದರು. ಬೇರೆ ಮೀನಿನ ಫೋಟೋದ ಮೇಲೆ ಏರಿಹೋದ ಮೀನು ತನ್ನ ಫೋಟೋವನ್ನು ಸುಮ್ಮನೆ ಬಿಟ್ಟಿತು. ಇದಕ್ಕೆ ಎಷ್ಟು ಅರ್ಥ ಕೊಡಬೇಕು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಇದೆ. ನನಗೆ ಮಾತ್ರ ಅದನ್ನು ಓದಿದಾಗ ಮೈ ಜುಂ ಎಂದಿತು. ನಾನು ತೆಗೆಯುವ ಚಿತ್ರದಲ್ಲಿ ಇರುವುದು ತಾನು ಎಂದು ಗುರುತಿಸಬಲ್ಲ ಜೀವದ ಚಿತ್ರವನ್ನು, ಅದು ಏನೂ ಅಲ್ಲ ಎಂಬಂತೆ ಹದಿಮೂರು ವರ್ಷ ತೆಗೆದಿದ್ದೆ.

ಉಡುಪಿಯಲ್ಲಿ ಕೃಷ್ಣನನ್ನು ಕಿಂಡಿಯಿಂದ ನೋಡುತ್ತೇವೆ. ನವಗ್ರಹ ಕಿಂಡಿಯ ಒಂಬತ್ತು ತೂತುಗಳಲ್ಲಿ ಯಾವುದಕ್ಕೆ ಕಣ್ಣಿಟ್ಟರೂ ಸಿಗುವುದು ತುಣುಕು ದರ್ಶನ. ಚಿಕ್ಕವನಿದ್ದಾಗ ಅಮ್ಮಮ್ಮನ ಜೊತೆ ಹೋಗಿ ಬಾಗಿ ನೋಡಿದ್ದು ನೆನಪಿದೆ. ಹೊರಗಡೆಯ ಕನಕನ ಕಿಂಡಿಯ ಕತೆಯನ್ನು ಅವಳೇ ಹೇಳಿದ್ದಳು. ಒಳಗೆ ಬಿಡದಿದ್ದಾಗ ಕನಕದಾಸರು ಬಾಗಿಲು ಮುರಿಯಲಿಲ್ಲ, ಗೋಡೆ ಒಡೆಯಲಿಲ್ಲ. ಹಿಂದೆ ಹೋಗಿ ನಿಂತರು, ಹಾಡಿದರು, ಕಾದರು. ಗೋಡೆ ತಾನಾಗಿ ಬಿರಿಯಿತು, ದೇವರು ತಾನಾಗಿ ಈ ಕಡೆ ತಿರುಗಿದ. ದರ್ಶನ ಎಂಬ ಶಬ್ದಕ್ಕೆ ನನಗೆ ಗೊತ್ತಿರುವ ಅತ್ಯಂತ ಆಳವಾದ ವಿವರಣೆ ಅದು. ಕಾಣಿಸಿಕೊಳ್ಳುವವನು ತಿರುಗಿದರೆ ದರ್ಶನ. ತಿರುಗಿಸಿದರೆ ಅದು ಬೇರೆ ಏನೋ. ಆ ಮುಳ್ಳುಮೀನನ್ನು ನಾವು ಕಡ್ಡಿಯಿಂದ ತಿರುಗಿಸಿದ್ದೆವು. ಕ್ಲೀನರ್ ಮೀನು ತಾನೇ ತಿರುಗಿತ್ತು.

ಮೀನನ್ನು ದೇವರು ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ದೇವರ ಮುಂದೆ ನಿಲ್ಲುವ ರೀತಿಯಲ್ಲಿ ಜೀವದ ಮುಂದೆಯೂ ನಿಲ್ಲಬಹುದು ಎಂದು ಹೇಳುತ್ತಿದ್ದೇನೆ. ಅದಕ್ಕೆ ನಾನು ಮಾಡಿಕೊಂಡ ನೇಮ ಸರಳ. ನೀರಿಗೆ ಬೀಳುವ ಮುಂಚೆ ಬೊಗಸೆ ನೀರು ಕಣ್ಣಿಗೊತ್ತಿಕೊಳ್ಳುತ್ತೇನೆ. ಕಡ್ಡಿ ಒಯ್ಯುವುದಿಲ್ಲ, ಒಯ್ಯುವವರ ಜೊತೆ ಹೋಗುವುದಿಲ್ಲ. ದೋಣಿ ಹತ್ತುವ ಮೊದಲೇ ಅದನ್ನು ಹೇಳುತ್ತೇನೆ. ಮೀನು ಹಿಂದೆ ಸರಿದರೆ ನಾನೂ ಸರಿಯುತ್ತೇನೆ. ಹತ್ತು ನಿಮಿಷ ಬರಿಗಣ್ಣಿನಿಂದ ನೋಡಿದ ಮೇಲೆ ಕ್ಯಾಮೆರಾ ಎತ್ತುತ್ತೇನೆ. ಸಿಲಿಂಡರಿನಲ್ಲಿ ಇರುವುದು ಐವತ್ತು ನಿಮಿಷದ ಗಾಳಿ. ಹಾಗಾಗಿ ಒಂದು ಇಳಿತಕ್ಕೆ ಎರಡೋ ಮೂರೋ ಚಿತ್ರ ಸಿಗುತ್ತದೆ. ಎಷ್ಟೋ ದಿನ ಒಂದೂ ಸಿಗುವುದಿಲ್ಲ. ಆ ದಿನಗಳು ವ್ಯರ್ಥವೆಂದು ನನಗೀಗ ಅನಿಸುವುದಿಲ್ಲ.

ಮುಳ್ಳುಮೀನಿನ ಚಿತ್ರವನ್ನು ಗೋಡೆಯಿಂದ ಇಳಿಸಿದೆ. ಸುಡಲಿಲ್ಲ. ತರಗತಿಯಲ್ಲಿ ಬೆಳಕಿನ ಪಾಠ ಮಾಡುವಾಗ ವರ್ಷಕ್ಕೊಮ್ಮೆ ತೋರಿಸುತ್ತೇನೆ. ಕೆಂಪು ಎಲ್ಲಿ ಕಳೆದುಹೋಗುತ್ತದೆ ಎಂದು ಹೇಳುತ್ತೇನೆ, ಆಮೇಲೆ ಈ ಮೀನು ಯಾಕೆ ಹೀಗಾಗಿದೆ ಎಂದು ಕೇಳುತ್ತೇನೆ. ನಕ್ಕ ಮಕ್ಕಳು ಉತ್ತರ ಗೊತ್ತಾದ ಮೇಲೆ ಸುಮ್ಮನಾಗುತ್ತಾರೆ.

ಓದುತ್ತಿರುವ ನಿಮಗೂ ಒಂದು ಮಾತು. ನಿಮ್ಮಲ್ಲಿ ಹೆಚ್ಚಿನವರು ಹವಳದ ಬಂಡೆಯ ಹತ್ತಿರ ಹೋಗಲಾರಿರಿ, ಕಡ್ಡಿ ಹಿಡಿಯಲಾರಿರಿ. ಆದರೆ ಮೂರನೆಯ ಪಾಲು, ಅನುಮೋದನೆಯದು, ನಿಮ್ಮ ಕೈಯಲ್ಲೂ ಇದೆ. ಊದಿಕೊಂಡ ಮೀನು, ಅಂಗೈ ಮೇಲಿಟ್ಟ ನಕ್ಷತ್ರಮೀನು, ಬಾಲ ಹಿಡಿದೆಳೆದ ಆಮೆ ನಿಮ್ಮ ಫೋನಿಗೆ ಬಂದೇ ಬರುತ್ತವೆ. ಅಂಥ ಚಿತ್ರಗಳನ್ನು ಮೆಚ್ಚಬೇಡಿ, ಮುಂದಕ್ಕೆ ಕಳಿಸಬೇಡಿ. ಕಳಿಸಿದವರನ್ನು ಒಂದು ಸಲ ಕೇಳಿ: ಇದು ಹೆದರಿಕೊಂಡಿದೆ, ಅಲ್ಲವೇ?